ಜಮೀಲಕ್ಕ ಬೇಡವೆಂದ ಸನ್ಮಾನ

ಚಾಮರಾಜನಗರದ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುವ ನಯನಾ ಎಂಬ ಹುಡುಗಿ ಹೋದ ತಿಂಗಳು ತೆರಕಣಾಂಬಿಯ ನಮ್ಮ ಮನೆಗೆ ಬಂದಿದ್ದಳು. "ನಾಗರತ್ನ ಆಂಟಿ, ಕಾರ್ಯಕರ್ತರ ತರಬೇತಿ ಶಿಬಿರ ಹೇಗೆ ನಡೆಸಬೇಕು ಅಂತ ಹೊಸ ಸಂಘಗಳಿಗೆ ಒಂದು ಕೈಪಿಡಿ ಮಾಡ್ತಿದೀವಿ. ನಾಲ್ಕೇ ಪುಟ. ನೀವು ಇಪ್ಪತ್ತು ವರ್ಷ ನಡೆಸಿದೀರಲ್ಲ, ಬರೆದುಕೊಡಿ" ಅಂದಳು. ಒಂದು, ಎರಡು, ಮೂರು ಅಂತ ಅಂಕಿ ಹಾಕಿ ಬರೆಯಬೇಕಂತೆ. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. "ಅಂಕಿ ಹಾಕಕೆ ಇದೇನು ದಿನಸಿ ಚೀಟಿಯೇನಮ್ಮಿ?" ಎಂದು ರೇಗಿಬಿಟ್ಟೆ. ಪಾಪ, ಆ ಹುಡುಗಿ ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದು ಹೋಯಿತು.

ರೇಗಿದ್ದು ಅವಳ ಮೇಲಲ್ಲ. ಶಿಬಿರ ನಡೆಸಿದವಳು ನಾನಲ್ಲ, ಗುಂಡ್ಲುಪೇಟೆಯ ಜಮೀಲಕ್ಕ. ನಾನು ಅವಳ ಹಿಂದೆ ಜಮಖಾನ ಹೊತ್ತುಕೊಂಡು ತಿರುಗಿದವಳು. ಅವಳು ತೀರಿಕೊಂಡು ಎಂಟು ತಿಂಗಳಾಯಿತು. ಅವಳ ಶಿಬಿರವನ್ನು ಕೆಡಿಸಿ ಒಂದು ಹೆಣ್ಣುಮಗಳ ಕೆಲಸ ಕಳೆದದ್ದು ಯಾರು ಎನ್ನುವುದನ್ನು ನಾನು ಎರಡು ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ. ಅದನ್ನು ಬಿಟ್ಟು ಕೈಪಿಡಿ ಬರೆದರೆ ನನ್ನ ಕೈ ಸೇದಿಹೋಗಲಿ.

ಜಮೀಲಕ್ಕ ಬ್ಲೌಸ್ ಹೊಲಿಯುತ್ತಿದ್ದಳು. ಗಂಡ ಮಹಬೂಬ್ ಸಾಬರದು ಬಸ್ಸು, ಲಾರಿಗಳ ಸೀಟು ಹೊಲಿಯುವ ಕೆಲಸ. ಮನೆಯೊಳಗೆ ಉರ್ದು, ಹೊಸಿಲು ದಾಟಿದರೆ ನಮ್ಮಂತೆಯೇ ಕನ್ನಡ. ಸುತ್ತಮುತ್ತಲ ಹಳ್ಳಿಯ ಹೆಂಗಸರೆಲ್ಲ ಅವಳ ಹತ್ತಿರವೇ ಹೊಲಿಸುತ್ತಿದ್ದರು. "ಬಾಯಲ್ಲಿ ಸುಳ್ಳು ಹೇಳಬೌದು ರತ್ನ, ಅಳತೆ ತಗಿಯೋವಾಗ ಮೈ ಸುಳ್ಳು ಹೇಳಲ್ಲ" ಅನ್ನುವಳು. ಯಾರ ತೋಳಲ್ಲಿ ಬಾಸುಂಡೆ ಇದೆ, ಯಾರು ಮೂರು ತಿಂಗಳಲ್ಲಿ ಇಳಿದುಹೋಗಿದ್ದಾರೆ, ಎಲ್ಲ ಅವಳ ಟೇಪಿಗೆ ಗೊತ್ತಾಗುತ್ತಿತ್ತು. ಹಾಗೆ ಗೊತ್ತಾದದ್ದನ್ನು ನೋಡಿಕೊಂಡು ಸುಮ್ಮನಿರಲಾರದೆ ನಮ್ಮ ಮಹಿಳಾ ಸಂಘಕ್ಕೆ ಸೇರಿದವಳು.

ಮೊಟ್ಟಮೊದಲ ಶಿಬಿರಕ್ಕೆ ಅವಳು ಹೋದದ್ದು ಮೈಸೂರಿಗೆ. ಅಲ್ಲಿ ಯಾರೋ ಪುಣ್ಯಾತ್ಮರು ಅವಳ ಕೈಗೆ ಮೈಕು ಕೊಟ್ಟರು, ಇನ್ನೊಬ್ಬ ಪುಣ್ಯಾತ್ಮ ಫೋಟೋ ತೆಗೆದ. ಮಾರನೆಯ ದಿನ ಪೇಪರಿನಲ್ಲಿ ಬಂತು, ತಲೆಯ ಮೇಲಿನ ಸೆರಗು ಜಾರಿತ್ತು. ಗುಂಡ್ಲುಪೇಟೆಯ ಟೀ ಅಂಗಡಿಯಲ್ಲಿ ಆ ಪೇಪರು ಕೈಯಿಂದ ಕೈಗೆ ಹೋಯಿತು. ಮಹಬೂಬ್ ಸಾಬರು ಬಯ್ಯಲಿಲ್ಲ, ಹೊಡೆಯಲಿಲ್ಲ. ಹೊಲಿಗೆ ಮಿಷನ್ನಿಗೆ ಬೀಗ ಹಾಕಿದರು. ಆರು ತಿಂಗಳು ಅವಳು ಒಂದು ಗುಂಡಿಯನ್ನೂ ಹೊಲಿಯಲಿಲ್ಲ. ಆಮೇಲೆ ಬೀಗವನ್ನು ಅವರೇ ತೆಗೆದರು, ಕೊನೆಗೆ ಅವರೇ ಅವಳನ್ನು ಬಸ್ಸು ಹತ್ತಿಸಿ ಶಿಬಿರಕ್ಕೆ ಕಳಿಸುವಂತಾದರು. ಆದರೆ ಆ ಆರು ತಿಂಗಳನ್ನು ಅವಳು ಮರೆಯಲಿಲ್ಲ.

ಶಿಬಿರ ಅಂದರೆ ಜನ ಏನಂದುಕೊಂಡಿದ್ದಾರೆ? ಸ್ಟೇಜು, ದೀಪ ಹಚ್ಚುವುದು, ಅಧ್ಯಕ್ಷರ ಭಾಷಣ, ಅವರನ್ನು ಹೊಗಳುವುದಕ್ಕೆ ಇನ್ನೊಬ್ಬರ ಭಾಷಣ. ಜಮೀಲಕ್ಕನ ಶಿಬಿರದಲ್ಲಿ ಇದ್ಯಾವುದೂ ಇರುತ್ತಿರಲಿಲ್ಲ. ಯಾವುದಾದರೂ ಸಮುದಾಯ ಭವನ ಸಿಕ್ಕಿತು ಅಂದರೆ ಹಿಂದಿನ ದಿನವೇ ಹೋಗಿ ಮೊದಲು ನೋಡುತ್ತಿದ್ದದ್ದು ಕಕ್ಕಸು. ಒಳಗೆ ನಿಂತು ಚಿಲಕ ಹಾಕಿಕೊಂಡು, ಹೊರಗಿನಿಂದ ತಳ್ಳು ಎಂದು ನನಗೆ ಹೇಳುವಳು. ಚಿಲಕ ಅಲ್ಲಾಡಿದರೆ ಚೀಲದಿಂದ ಮೊಳೆ, ಸುತ್ತಿಗೆ ಹೊರಬರುತ್ತಿತ್ತು. "ಚಿಲ್ಕ ಇಲ್ದಿದ್ರೆ ಹೆಂಗಸ್ರು ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ಗಂಟ್ಲು ಒಣಗಿದೋರ ತಲೆಗೆ ಏನು ಓಯ್ತದೆ, ನಿನ್ ಕಾನೂನು?" ಅನ್ನುವಳು.

ಹತ್ತು ಗಂಟೆಗೆ ಶುರು ಎಂದು ಹಾಳೆಯಲ್ಲಿ ಬರೆದುಬಿಟ್ಟರೆ ಮುಗಿಯಲಿಲ್ಲ. ಹರವೆ ಕಡೆಯ ಬಸ್ಸು ಬರುವುದೇ ಹತ್ತೂವರೆಗೆ. ಬಸ್ಸಿನ ವೇಳೆ ಕೇಳಿಕೊಂಡು ಶಿಬಿರದ ವೇಳೆ ಇಡುವಳು. ಮಧ್ಯಾಹ್ನ ನಾಲ್ಕಕ್ಕೆ ಮುಗಿಯಲೇಬೇಕು, ಯಾವ ಹೆಂಗಸೂ ಮನೆಗೆ ಹೋಗಿ ತಡವಾದದ್ದಕ್ಕೆ ಕಾರಣ ಹುಡುಕಬಾರದು. ಬೆಂಗಳೂರಿನಿಂದ ಒಬ್ಬರು ಸಾರ್ ಬಂದು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬೆಳಕು ಬಿಟ್ಟುಕೊಂಡು ಒಂದೂವರೆ ಗಂಟೆ ಕಾನೂನು ಹೇಳಿದರು. ಜಮೀಲಕ್ಕ ಎದ್ದು ನಿಂತು, "ಸಾರ್, ಇಷ್ಟೊತ್ತೂ ನೀವು ಮಾತಾಡಿದ್ರಿ. ಆ ಮೂಲೇಲಿ ಕೂತಿರೋ ಯಮ್ಮ ಆಗ್ಲಿಂದ ಅಳ್ತಾವ್ಳೆ. ಯಾಕೆ ಅಂತ ಈಗ ಕೇಳನಾ?" ಅಂದಳು. ಆ ಸಾರ್ ಒಳ್ಳೆಯವರು, ಮಿಷನ್ನು ಆರಿಸಿ ನೆಲದ ಮೇಲೆ ಕೂತರು.

ಅಡುಗೆ ಶಾಂತಮಲ್ಲಮ್ಮನದು. ಆಕೆ ನಮ್ಮ ಲಿಂಗಾಯತರವಳು. ತರಕಾರಿ, ಅಕ್ಕಿ, ಎಣ್ಣೆ ಎಲ್ಲ ಜಮೀಲಕ್ಕನೇ ತರುತ್ತಿದ್ದಳು, ಆದರೆ ಅಡುಗೆಮನೆಯ ಬಾಗಿಲ ಹೊರಗೇ ನಿಂತು ಕೊಡುತ್ತಿದ್ದಳು. "ನಾನು ಪಾತ್ರೆ ಮುಟ್ಟಿದೆ ಅಂತ ಒಬ್ಬಳು ಉಣ್ಣದೆ ಎದ್ದೋದ್ರೂ ಸಾಕು, ಶಿಬಿರ ಕೆಟ್ಟಂಗೆ" ಎನ್ನುವುದು ಅವಳ ಲೆಕ್ಕಾಚಾರ. ಇಪ್ಪತ್ತು ವರ್ಷ ಅದನ್ನೂ ಅವಳದೊಂದು ನಿಯಮ ಅಂದುಕೊಂಡೆ. "ಒಳಗೆ ಬಾಕ್ಕ" ಎಂದು ಒಂದು ದಿನ ಕರೆಯಲಿಲ್ಲ. ಸಮಾನತೆಯ ಮೇಲೆ ಗಂಟೆಗಟ್ಟಲೆ ಮಾತಾಡಿದ ಬಾಯಿ ಇದು, ಥೂ.

ಎಲ್ಲದಕ್ಕಿಂತ ದೊಡ್ಡ ಕಟ್ಟುಪಾಡು ಒಂದಿತ್ತು. ಫೋಟೋ ಕೂಡದು. ಬಂದವರ ಹೆಸರು, ಮುಖ ಹೊರಗೆ ಹೋಗಕೂಡದು. "ಬಂದೋಳು ಬಂದಂಗೇ ಮನೆ ಸೇರ್ಬೇಕು. ಬಂದಿದ್ಲು ಅಂತ ಹೇಳೋದು ಬುಡೋದು ಅವಳಿಗೆ ಸೇರಿದ್ದು, ನಮಗಲ್ಲ." ಹಣ ಕೊಟ್ಟ ಸಂಸ್ಥೆಯವರು ಫೋಟೋ ಇಲ್ಲದೆ ವರದಿ ಆಗುವುದಿಲ್ಲ ಎಂದು ಹಟ ಹಿಡಿದರು. ಅವಳು ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳ ಫೋಟೋ ತೆಗೆಸಿ ಕಳಿಸಿದಳು. "ಎಣಿಸ್ಕಳಿ, ನಲವತ್ತೆರಡು ಜೊತೆ ಅವೆ" ಅಂದಳು. ಅವರು ಎಣಿಸಿಕೊಂಡರೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಇನ್ನು ಭವ್ಯನ ವಿಷಯಕ್ಕೆ ಬರುತ್ತೇನೆ. ಬರದೆ ವಿಧಿಯಿಲ್ಲ.

ಭವ್ಯ ಹರವೆಯ ಹುಡುಗಿ, ಆಗ ಇಪ್ಪತ್ಮೂರು ವರ್ಷ. ಅಪ್ಪ ಹುಣಸೇಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದವನು. ತಾಯಿ ಕರಿಬಸಮ್ಮ ಅವನನ್ನು ನೋಡಿಕೊಳ್ಳುವುದರಲ್ಲೇ ಸವೆದುಹೋಗಿದ್ದಳು. ಮನೆ ನಡೆಯುತ್ತಿದ್ದದ್ದು ಬದನಗುಪ್ಪೆ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಈ ಹುಡುಗಿ ದುಡಿದು ತಂದದ್ದರಲ್ಲಿ. ಅಲ್ಲಿ ಹೊಲಿಗೆ ಲೈನಿನಿಂದ ಕಕ್ಕಸಿಗೆ ಎದ್ದು ಹೋಗಬೇಕಾದರೂ ಸೂಪರ್‌ವೈಸರ್ ಹತ್ತಿರ ಟೋಕನ್ ಇಸಿದುಕೊಳ್ಳಬೇಕು, ದಿನಕ್ಕೆ ಎರಡೇ ಟೋಕನ್. ಒಬ್ಬ ಬಸುರಿ ಮೂರನೆಯ ಸಲ ಕೇಳಿದಾಗ ಕೊಡಲಿಲ್ಲವಂತೆ, ಅವಳು ಮಿಷನ್ನಿನ ಮೇಲೇ ಕುಸಿದಳಂತೆ. ಬ್ಲೌಸ್ ಅಳತೆಗೆಂದು ಬಂದ ಭವ್ಯ ಜಮೀಲಕ್ಕನ ಎದುರು ಇದನ್ನು ಹೇಳಿ ಗೊಳೋ ಎಂದು ಅತ್ತಿದ್ದಳು.

ಮೂರು ಭಾನುವಾರ ಶಿಬಿರವಾಯಿತು. ಆ ಹುಡುಗಿ ಏನು ಚುರುಕು ಅಂತೀರಿ! ಅರ್ಜಿ ಬರೆಯುವುದನ್ನು ಕಲಿತಳು, ಅಧಿಕಾರಿ ಗದರಿದರೆ ಏನು ಹೇಳಬೇಕೆಂದು ಕಲಿತಳು, ಹದಿನೇಳು ಹೆಂಗಸರನ್ನು ಸಹಿ ಹಾಕಲು ಒಪ್ಪಿಸಿದಳು. ನಾಲ್ಕನೆಯ ಭಾನುವಾರ ನಮ್ಮ ತೆರಕಣಾಂಬಿಯಲ್ಲಿ ಕೂತು ಸಹಿ ಹಾಕುವುದು, ಸೋಮವಾರ ಬೆಳಗ್ಗೆ ಚಾಮರಾಜನಗರಕ್ಕೆ ಹೋಗಿ ಕಾರ್ಮಿಕ ಇಲಾಖೆಗೆ ಕೊಡುವುದು ಎಂದಾಯಿತು. "ಅರ್ಜಿ ಒಳಕ್ಕೋಗಿ ಸೀಲು ಬಿದ್ಬುಟ್ರೆ ನಿಮ್ಮನ್ನ ಮುಟ್ಟಕೆ ಅವ್ರೇ ಹೆದರ್ತಾರೆ. ಅಲ್ಲೀಗಂಟ ಉಸಿರು ಬುಡಬ್ಯಾಡಿ" ಎಂದು ಜಮೀಲಕ್ಕ ಎಲ್ಲರಿಂದ ಮಾತು ತೆಗೆದುಕೊಂಡಳು. ನಾನೂ ತಲೆಯಾಡಿಸಿದೆ.

ಆ ವರ್ಷ ಅವಳಿಗೆ ಅರವತ್ತು ತುಂಬಿತ್ತು. ಶುಗರ್ ಏರಿ ಕಾಲು ಊದುತ್ತಿತ್ತು, ಕಿಡ್ನಿಗೂ ತಗುಲಿದೆ ಎಂದು ಡಾಕ್ಟರು ಹೇಳಿದ್ದರು. ಇವಳು ಇನ್ನೆಷ್ಟು ದಿನವೋ ಎಂಬ ಸಂಕಟ ನನಗೆ. ನಮ್ಮ ಕಡೆ ಸನ್ಮಾನವಿಲ್ಲದೆ ಯಾವುದು ನಡೆಯುತ್ತದೆ ಹೇಳಿ? ಹಾಲಿನ ಡೈರಿಯ ಕಾರ್ಯದರ್ಶಿ ನಿವೃತ್ತನಾದರೂ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಪಂಚಾಯಿತಿಗೆ ಗೆದ್ದವನಿಗೂ ಹಾರ, ಸೋತವನಿಗೂ ಸಮಾಧಾನಕ್ಕೊಂದು ಹಾರ. ಇಪ್ಪತ್ತು ವರ್ಷ ದುಡಿದ ಇವಳಿಗೆ ಯಾರೂ ಒಂದು ಮೊಳ ಹೂವು ಹಾಕಿರಲಿಲ್ಲ. ಒಂದು ಸಲ ಮಾತೆತ್ತಿದ್ದೆ. "ಬ್ಯಾಡ ಕಣೆ, ಅದೆಲ್ಲ ನಮಗಲ್ಲ" ಅಂದಿದ್ದಳು. ಸಂಕೋಚಕ್ಕೆ ಹಾಗೆ ಹೇಳುತ್ತಾಳೆ ಅಂದುಕೊಂಡೆ. ಬೇಡ ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದವರಿಗೇ ತಾನೆ ನಾವು ಇನ್ನೊಂದು ಸೌಟು ಬಡಿಸುವುದು?

ಶಾಲು, ಪೇಟ ತಂದೆ. ಗುಂಡ್ಲುಪೇಟೆಯ ಫ್ಲೆಕ್ಸ್ ಅಂಗಡಿಯ ಸುನೀಲ್ ಕುಮಾರ್‌ಗೆ ಫೋನ್ ಮಾಡಿದೆ. ಜಮೀಲಕ್ಕನ ಫೋಟೋ ಬೇಕು ಅಂದ. ಹಿಂದಿನ ಶಿಬಿರದಲ್ಲಿ ಊಟದ ಹೊತ್ತಿಗೆ ಕದ್ದು ಒಂದು ಫೋಟೋ ತೆಗೆದಿಟ್ಟುಕೊಂಡಿದ್ದೆ, ನನ್ನ ನೆನಪಿಗೆ ಇರಲಿ ಎಂದು. ಅವಳು ನಡುವೆ ಕೂತು ನಗುತ್ತಿದ್ದಳು, ಸುತ್ತ ಹನ್ನೊಂದು ಜನ ಹುಡುಗಿಯರು. ಅದನ್ನೇ ಕಳಿಸಿದೆ. ಸುನೀಲ್ ಕುಮಾರ್ ಮತ್ತೆ ಫೋನ್ ಮಾಡಿ, "ಕೆಳಗೆ ಶುಭ ಕೋರುವವರು ಅಂತ ಯಾರನ್ನ ಹಾಕನ ಮೇಡಂ?" ಎಂದು ಕೇಳಿದ. ನಾನು ಹೋಳಿಗೆಗೆ ಬೇಳೆ ಬೇಯಲು ಇಟ್ಟಿದ್ದೆ, ಉಕ್ಕುತ್ತಿತ್ತು. "ಸಂಘದೋರೆಲ್ಲ ಅಂತ ಹಾಕಪ್ಪ" ಅಂದೆ.

ಅವನು ಕಸುಬುದಾರ. ಅವನದೇನೂ ತಪ್ಪಿಲ್ಲ. ಕೆಳಗೆ ಸಾಲಾಗಿ ಪುಟ್ಟ ಪುಟ್ಟ ಮುಖಗಳಿಲ್ಲದೆ ಈ ಸೀಮೆಯಲ್ಲಿ ಫ್ಲೆಕ್ಸ್ ಆಗುತ್ತದೆಯೇ? ನಾನು ಕಳಿಸಿದ ಫೋಟೋದಿಂದ ಹನ್ನೊಂದು ಮುಖಗಳನ್ನೂ ಒಂದೊಂದಾಗಿ ಕತ್ತರಿಸಿ ಕೆಳಗೆ ಜೋಡಿಸಿದ. 'ತರಬೇತಿ ಶಿಬಿರದ ರೂವಾರಿ ಜಮೀಲಾ ಅವರಿಗೆ ಅಭಿನಂದನೆಗಳು' ಎಂದು ಮೇಲೆ ದಪ್ಪಕ್ಷರ. ಶನಿವಾರ ಮಧ್ಯಾಹ್ನ ನಮ್ಮೂರ ಬಸ್ ಸ್ಟಾಪಿನ ಎದುರಿಗೇ ಕಟ್ಟಿಸಿ ಹೋದ. ಸಂಜೆ ಹೋಗಿ ನೋಡಿದೆ. ಕೆಳಗಿನ ಸಾಲಿನಲ್ಲಿ ಎಡಗಡೆಯಿಂದ ನಾಲ್ಕನೆಯದು ಭವ್ಯನ ಮುಖ. ನೋಡಿದ ಕೂಡಲೇ ನನ್ನ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಎಷ್ಟು ಚೆನ್ನಾಗಿ ಬಂದಿದೆ ಎಂದು ಖುಷಿಯಾಯಿತು. ಈ ಮಾತನ್ನು ಬರೆಯುವಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿದೆ.

ಭಾನುವಾರ ಬೆಳಗ್ಗೆ ಜಮೀಲಕ್ಕನನ್ನು ಎದುರುಗೊಳ್ಳಲು ಬಸ್ ಸ್ಟಾಪಿಗೆ ಹೋದೆ. ಅವಳು ಆಗಲೇ ಇಳಿದಿದ್ದಳು. ಊದಿದ ಕಾಲಿನಲ್ಲಿ ಕಲ್ಲುಬೆಂಚಿನ ಮೇಲೆ ಹತ್ತಿ ಫ್ಲೆಕ್ಸಿನ ಹಗ್ಗ ಜಗ್ಗುತ್ತಿದ್ದಳು.

"ಯಾರೇ ಇದನ್ನ ಕಟ್ಸಿದ್ದು?"

"ನಾನೇ ಕಣಕ್ಕ. ನಿಂಗೊಂದು ಸನ್ಮಾನ ಮಾಡನ ಅಂತ..."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಾಗಿತ್ತು. "ಕುಡ್ಲು ತಕಬಾ ಓಗು" ಎಂದಳು. ಎಳನೀರು ಅಂಗಡಿಯಿಂದ ಕುಡುಗೋಲು ತಂದು ಹಗ್ಗ ಕೊಯ್ದೆವು. ಫ್ಲೆಕ್ಸು ಅರ್ಧ ನೆಲಕ್ಕೆ, ಅರ್ಧ ಕಂಬಕ್ಕೆ ಜೋತುಬಿದ್ದಿರುವಾಗ ಹರವೆಯಿಂದ ಬಸ್ಸು ಬಂತು. ಭವ್ಯ ಇಳಿದಳು. ಅವಳ ಮುಖದ ಮುಂದೆಯೇ ಅವಳ ಮುಖ.

"ನೆನ್ನೆ ಸಾಯಂಕಾಲ ನಮ್ ಫ್ಯಾಕ್ಟ್ರಿ ಬಸ್ಸು ಇಲ್ಲೇ ತಾನೇ ಬಂದು ನಿಂತ್ಕಂಡದು" ಅಂದಳು, ಯಾರಿಗೆ ಹೇಳುತ್ತಿದ್ದೇನೆ ಎಂಬುದೇ ಗೊತ್ತಿಲ್ಲದವಳ ಹಾಗೆ. "ಸೂಪರ್‌ವೈಸರು ಅದ್ರಲ್ಲೇ ಬತ್ತಾನೆ." ಆಮೇಲೆ ತಿರುಗಿ, "ನಮ್ ಫೋಟೋನ ಯಾರು ಕೊಟ್ಟದು?" ಎಂದು ಕೇಳಿದಳು.

ನಾನು ಬಗ್ಗಿ ಕೊಯ್ದ ಹಗ್ಗವನ್ನು ಸುತ್ತತೊಡಗಿದೆ.

"ನಾನು ಕೊಟ್ಟೆ ಕಣಮ್ಮ" ಅಂದಳು ಜಮೀಲಕ್ಕ. "ವಯಸ್ಸಾಯ್ತಲ್ಲ, ಒಂದ್ಸಲ ಆಸೆ ಆಗ್ಬುಡ್ತು. ಮಾಡ್ಬುಟ್ಟೆ."

ಭವ್ಯ ಅವಳನ್ನೇ ದಿಟ್ಟಿಸಿ ನೋಡಿದಳು. ರಸ್ತೆಯ ಆಚೆ ಬದಿಗೆ ಹೋಗಿ ವಾಪಸ್ಸು ಬಸ್ಸಿಗೆ ಕಾಯುತ್ತ ನಿಂತಳು. ಉಳಿದವರಲ್ಲಿ ಕೆಲವರು ಅವಳ ಜೊತೆಗೇ ಹೋದರು, ಕೆಲವರು ಬರಲೇ ಇಲ್ಲ. ಆ ದಿನ ಅರ್ಜಿಗೆ ಒಂದು ಸಹಿಯೂ ಬೀಳಲಿಲ್ಲ. ಶಾಂತಮಲ್ಲಮ್ಮ ನಲವತ್ತು ಜನಕ್ಕೆ ಮಾಡಿದ ಅಡುಗೆ ಹಾಗೇ ಇತ್ತು.

ಖಾಲಿ ಹಾಲಿನಲ್ಲಿ ನಾವಿಬ್ಬರೇ ಕೂತಾಗ ನಾನು ಅತ್ತೆ. "ನಾನು ಓಗಿ ಹೇಳ್ಬುಡ್ತೀನಿ ಅಕ್ಕ, ನಂದೇ ತಪ್ಪು ಅಂತ" ಅಂದೆ.

"ಬಾಯಿ ಬುಟ್ಟೀಯ ಮತ್ತೆ!" ಎಂದು ಗದರಿದಳು. "ನಾನು ಇನ್ನೆಷ್ಟು ದಿನ ಇರೋಳು? ನೀನು ಮುಂದೂ ಇದೇ ಊರಲ್ಲಿ ಇರೋಳು. ನಿನ್ ಮೇಲೂ ನಂಬಿಕೆ ಓಗ್ಬುಟ್ರೆ ನಾಳೆ ಈ ಹೆಣ್ಮಕ್ಳು ಯಾರ ಮನೆ ಕದ ತಟ್ತವೆ?"

ಅವಳ ಮಾತಿನಲ್ಲಿ ಅರ್ಥವಿತ್ತು. ಆದರೆ ನಾನು ಸುಮ್ಮನಾದದ್ದು ಅದಕ್ಕಲ್ಲ. ನಿಜ ಹೇಳುತ್ತೇನೆ, ಅವಳು ಬೇಡ ಎಂದಾಗ ನನಗೆ ಹಗುರವಾಯಿತು.

ಸೋಮವಾರ ಗೇಟಿನಲ್ಲಿ ಭವ್ಯನ ಕಾರ್ಡು ಇಸಿದುಕೊಂಡು ಹಿಂದಕ್ಕೆ ಕಳಿಸಿದರು. ಫ್ಲೆಕ್ಸಿನಲ್ಲಿದ್ದ ಅದೇ ಫ್ಯಾಕ್ಟರಿಯ ಇನ್ನೂ ಮೂವರು ತಪ್ಪಾಯಿತೆಂದು ಬರೆದುಕೊಟ್ಟು ಒಳಗೆ ಹೋದರು. ಇವಳು ಬರೆದುಕೊಡಲಿಲ್ಲ. ಅರ್ಜಿ ಕೊಟ್ಟಿರಲಿಲ್ಲವಾದ್ದರಿಂದ ಕೇಳುವುದಕ್ಕೆ ಕಾಗದವೂ ಇಲ್ಲ, ಸಾಕ್ಷಿಗೆ ಬರುವವರೂ ಇಲ್ಲ. ಅವಳೇ ಕೆಲಸ ಬಿಟ್ಟಳೆಂದು ಅವರು ಬರೆದುಕೊಂಡರು.

ಆ ವಾರವೇ ಜಮೀಲಕ್ಕ ನನ್ನನ್ನು ಕರೆದುಕೊಂಡು ಹರವೆಗೆ ಹೋದಳು. ಭವ್ಯ ಒಳಗಿನಿಂದ ಬರಲಿಲ್ಲ. ಕರಿಬಸಮ್ಮ ಜಗಲಿಯ ಮೇಲೆ ಚಾಪೆ ಹಾಸಿ, ಇಬ್ಬರಿಗೂ ನೀರು ಕೊಟ್ಟು, ಆಮೇಲೆ ಮೆಲ್ಲಗೆ ಹೇಳಿದಳು: "ನಿಮ್ಮನ್ನ ನಂಬಿ ಕಳಿಸ್ದೆ ಕನವ್ವ. ನಿಮಗೆ ಹಾರ ಬೇಕಾಗಿತ್ತು, ಹಾಕುಸ್ಕಂಡ್ರಿ. ನಮ್ಮನೆ ದೀಪ ಯಾಕೆ ಆರುಸುದ್ರಿ?"

ಜಮೀಲಕ್ಕ ಎರಡೂ ಕೈ ಜೋಡಿಸಿದಳು. "ತಪ್ಪಾಯ್ತು ತಾಯಿ" ಅಂದಳು. ಹಾರ ಹಾಕಿಸಿಕೊಳ್ಳದವಳು ಹಾರದ ಆಸೆಗೆ ಕ್ಷಮೆ ಕೇಳುತ್ತಿದ್ದಳು. ನಾನು ಪಕ್ಕದಲ್ಲೇ ಲೋಟ ಹಿಡಿದುಕೊಂಡು ಕೂತಿದ್ದೆ. ಹೇಳಬೇಕಾದ ಹೊತ್ತು ಅದೇ ಆಗಿತ್ತು. ಹೇಳಲಿಲ್ಲ.

ಎರಡು ತಿಂಗಳ ಮೇಲೆ ಚಾಮರಾಜನಗರದ ಒಂದು ಸೀರೆ ಅಂಗಡಿಯಲ್ಲಿ ಭವ್ಯನಿಗೆ ಕೆಲಸ ಸಿಕ್ಕಿತು. ಕೊಡಿಸಿದ್ದು ಜಮೀಲಕ್ಕ. ಆ ಅಂಗಡಿಯವರ ಹೆಂಡತಿ ಇವಳ ಹತ್ತಿರ ಬ್ಲೌಸ್ ಹೊಲಿಸುತ್ತಿದ್ದರು, ಅವರ ಹತ್ತಿರ ಹೋಗಿ ಬೇಡಿಕೊಂಡಳು, ಕಾಲು ಹಿಡಿಯುವುದೊಂದು ಬಾಕಿ. ಭವ್ಯನಿಗೆ ಹೇಳುವುದಕ್ಕೆ ಮಾತ್ರ ನನ್ನನ್ನು ಕಳಿಸಿದಳು. "ನನ್ ಹೆಸ್ರು ಎತ್ತಬ್ಯಾಡ. ಎತ್ತಿದ್ರೆ ಬರಲ್ಲ" ಅಂದಳು. ಭವ್ಯ ನನ್ನ ಕೈ ಹಿಡಿದುಕೊಂಡು, "ನೀವು ದೇವರಂಗೆ ಬಂದ್ರಿ ಅಕ್ಕ" ಅಂದಳು. ಅದನ್ನೂ ನುಂಗಿಕೊಂಡೆ. ಅಭ್ಯಾಸವಾದರೆ ಏನು ಬೇಕಾದರೂ ನುಂಗಬಹುದು.

ಅದರ ಮೇಲೆ ಜಮೀಲಕ್ಕ ಶಿಬಿರ ಇಡಲಿಲ್ಲ. ಇಡಲು ಕಾಲೂ ಬಿಡಲಿಲ್ಲ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಮಹಬೂಬ್ ಸಾಬರು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು. ನಾನು ಹೋದಾಗೆಲ್ಲ, "ಆ ಹುಡುಗಿ ಎಂಗವ್ಳೆ?" ಎಂದು ಅದೊಂದೇ ಕೇಳುವಳು. ಹೋದ ವರ್ಷ ಮಳೆ ಹಿಡಿಯುವ ಹೊತ್ತಿಗೆ ತೀರಿಕೊಂಡಳು. ಎಷ್ಟೊಂದು ಹೆಂಗಸರು ಬಂದಿದ್ದರು! ಬೀದಿಯ ಉದ್ದಕ್ಕೂ ನಿಂತು ಅಳುತ್ತಿದ್ದರು. ಭವ್ಯ ಬರಲಿಲ್ಲ.

ನಯನಾ ಬಂದುಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ಹೋದ ಬುಧವಾರ ಚಾಮರಾಜನಗರದ ಬಸ್ಸು ಹತ್ತಿ ಆ ಸೀರೆ ಅಂಗಡಿಗೆ ಹೋದೆ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಭವ್ಯ ಬಿಚ್ಚಿದ ಸೀರೆಗಳನ್ನು ಮಡಿಸುತ್ತಿದ್ದಳು. "ಬನ್ನಿ ಅಕ್ಕ, ಕೂತ್ಕಳಿ" ಎಂದು ನಕ್ಕು ಫ್ಯಾನಿನ ಮುಖವನ್ನು ನನ್ನ ಕಡೆ ತಿರುಗಿಸಿದಳು.

ಕೂತುಕೊಂಡರೆ ಹೇಳಲಾರೆ ಅನ್ನಿಸಿತು. ನಿಂತುಕೊಂಡೇ ಹೇಳಿದೆ. ಫೋಟೋ ತೆಗೆದವಳು ನಾನು. ಕೊಟ್ಟವಳು ನಾನು. ಫ್ಲೆಕ್ಸಿನ ವಿಷಯ ಜಮೀಲಕ್ಕನಿಗೆ ಗೊತ್ತೇ ಇರಲಿಲ್ಲ. ಈ ಕೆಲಸ ಕೊಡಿಸಿದವಳು ಅವಳು, ನಾನಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಭವ್ಯನ ಕೈ ಸೀರೆಯ ಮೇಲೇ ನಿಂತಿತು.

"ಜಮೀಲಕ್ಕ ಆಸ್ಪತ್ರೆಯಿಂದ ನಾಕು ಸತಿ ಫೋನ್ ಮಾಡಿದ್ರು" ಅಂದಳು. "ನಾನು ಎತ್ತಲಿಲ್ಲ. ಕೊನೇ ಸತಿ ಕಟ್ ಮಾಡ್ಬುಟ್ಟೆ. ಬೆಳಗ್ಗೆ ಎದ್ರೆ ಸತ್ತೋದ್ರು ಅಂದ್ರು. ಸಾಯ್ಲಿ ಬುಡು ಅಂದಿದ್ದೆ ಕನಕ್ಕ ನಾನು, ಬಾಯ್ಬುಟ್ಟು ಅಂದಿದ್ದೆ."

"ನನ್ನ ಬಯ್ಯಿ ಕಣಮ್ಮಿ" ಅಂದೆ. "ಹೊಡಿ ಬೇಕಾದ್ರೆ."

ಅವಳು ಬಯ್ಯಲಿಲ್ಲ. "ಒಂದು ಮಾತು ಮುಂಚೇನೆ ಹೇಳಿದ್ರೆ ಎತ್ತುತಿದ್ನಲ್ಲ" ಅಂದಳು. ಕಣ್ಣು ಒರೆಸಿಕೊಂಡು ಆ ಸೀರೆಯನ್ನು ಮಡಿಸಿ ಬೀರುವಿನಲ್ಲಿ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಅಂಗಡಿಗೆ ಬಂದ ಯಾರೋ ಗೊತ್ತಿಲ್ಲದವರನ್ನು ಕೇಳುವ ಹಾಗೆ ಕೇಳಿದಳು.

"ಸೀರೆ ಏನಾರ ನೋಡ್ತೀರ ಮೇಡಂ?"